ಉಡುಗೆ ಹರಿಗೋಲೇರಿದ ಮೇಲೆ

ತುಂಬುತೋಳಿನ ಅಂಗಿಯ ಕೊನೆಯ ಗುಂಡಿಯನ್ನು ಬಿಚ್ಚುವ ಮುನ್ನ ಹಂಪಣ್ಣ ಅತ್ತಿತ್ತ ಕಣ್ಣಾಡಿಸಿದನು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಮಾಘಮಾಸ, ಕೃಷ್ಣೆಯ ನಡುಗಡ್ಡೆಯ ಮೇಲೆ ಬೆಳಗು ಇನ್ನೂ ಪೂರ್ತಿ ಕಣ್ದೆರೆದಿರಲಿಲ್ಲ. ಸುತ್ತಲಿನ ಕೆಲವರು ಆಗಲೇ ತಮ್ಮ ಉಡುಗೆಗಳನ್ನು ಮಡಚಿ ಹರಿಗೋಲಿನೊಳಗೆ ಇಡುತ್ತಿದ್ದರು. ದೇವದುರ್ಗದ ಪ್ರಕೃತಿ ಚಿಕಿತ್ಸಕ ಹನುಮಂತ್ರಾಯರು ಏರ್ಪಡಿಸುವ ಈ ಬತ್ತಲೆ ನಡಿಗೆಗೆ ನಿಯಮವೊಂದೇ: ಬಟ್ಟೆ ನೀರಿನ ಮೇಲೆ ಸಾಗಬೇಕು, ಮನುಷ್ಯ ಮರಳಿನ ಮೇಲೆ. ನಡುಗಡ್ಡೆಯ ಆಚೆಯ ತುದಿಯಲ್ಲಿ ಎರಡೂ ಸಂಧಿಸುವವರೆಗೆ ಗಾಳಿಯೇ ವಸ್ತ್ರ.

“ಇಲ್ಲಿ ಮಾನ್ವಿ ಕಡಿಯವರು ಯಾರಾರ ಬಂದಾರೇನ್ರಿ?” ಎಂದು ಹಂಪಣ್ಣ ಮೆಲುದನಿಯಲ್ಲಿ ಕೇಳಿದನು.

“ಬಂದ್ರೇನಾತ್ರಿ? ಅವರೇನು ಜರಿ ಶಾಲು ಹೊತ್ಕೊಂಡು ನಿಂತಿರ್ತಾರೇನು?” ಎಂದು ಹನುಮಂತ್ರಾಯರು ತಮ್ಮ ಧೋತರವನ್ನು ಮಡಚುತ್ತ ನಕ್ಕರು.

ಹಂಪಣ್ಣನಿಗೆ ನಗು ಬರಲಿಲ್ಲ. ಈ ಅಕ್ಕಿ ಗಿರಣಿಯ ಮಾಲೀಕನ ಬೆನ್ನ ಮೇಲೆ ತೊನ್ನು ಹಬ್ಬಿ ವರ್ಷಗಳೇ ಸಂದಿದ್ದವು. ಹೆಂಡತಿಯ ಹೊರತು ಅದನ್ನು ಕಂಡವರಿಲ್ಲ. ಈಗ ಅದು ಅಂಗಿಯ ಕೊರಳಪಟ್ಟಿಯ ಅಂಚಿಗೆ ಏರಿತ್ತು. ಮಗಳು ಬಸವಂತಮ್ಮನ ನಿಶ್ಚಯ ಮೊನ್ನೆಯಷ್ಟೇ ಮಾನ್ವಿಯಲ್ಲಿ ನೆರವೇರಿತ್ತು. ತೊನ್ನಿನ ಮನೆತನದ ಹೆಣ್ಣೆಂದು ತಿಳಿದರೆ ಗಂಡಿನವರು ಸಂಬಂಧವನ್ನು ಮುರಿಯುವುದರಲ್ಲಿ ಸಂಶಯವಿರಲಿಲ್ಲ. ಬಾವಂಚಿ ಎಣ್ಣೆ ಸವರಿ ಎಳೆಬಿಸಿಲಿಗೆ ಮೈಯೊಡ್ಡಿದರೆ ಬಣ್ಣ ಮರಳಬಹುದೆಂಬ ಆಸೆಯೊಂದೇ ಅವನನ್ನು ಇಷ್ಟು ದೂರ ಕರೆತಂದಿತ್ತು. ಕಡೆಗೆ ಅಂಗಿ, ಧೋತರ, ರುಮಾಲುಗಳು ಹರಿಗೋಲನ್ನೇರಿದವು. ಅಂಗದ ಮೇಲೆ ಇಷ್ಟಲಿಂಗದ ಕರಡಿಗೆಯೊಂದೇ ಉಳಿಯಿತು. ಹರಿಗೋಲು ತಿರುಗುತ್ತ ತಿರುಗುತ್ತ ಮಂಜಿನೊಳಗೆ ಮರೆಯಾಯಿತು.

ಆಗಲೇ ಬಂಡೆಯ ಮರೆಯಲ್ಲಿ ಮಿಂದು, ಲಿಂಗಪೂಜೆಯನ್ನು ಮುಗಿಸಿದ ಸ್ಥೂಲಕಾಯದವರೊಬ್ಬರು ಮೊಣಕಾಲು ಹಿಡಿದುಕೊಂಡು ದಡವೇರಿ ಬಂದರು. ಮಾನ್ವಿಯ ಅಮರಗುಂಡಪ್ಪ, ಬಸವಂತಮ್ಮನ ಮಾವನಾಗಲಿದ್ದವರು. ಇಬ್ಬರ ದೃಷ್ಟಿಯೂ ಕೂಡಿತು. ಬೀಗರ ಎದುರಿಗೆ ಬರಿದಲೆಯಲ್ಲಿ ನಿಲ್ಲುವುದು ಆ ಸೀಮೆಯಲ್ಲಿ ಪರಮ ಅನಾಚಾರ. ಮರುಕ್ಷಣವೇ ನಾಲ್ಕೂ ಕೈಗಳು ಮೇಲೆದ್ದು ಎರಡು ನೆತ್ತಿಗಳನ್ನು ಮುಚ್ಚಿದವು.

“ತಪ್ಪು ತಿಳೀಬ್ಯಾಡ್ರಿ ಬೀಗರೇ, ರುಮಾಲು ಹರಿಗೋಲಿನ್ಯಾಗ ಹೋತು,” ಎಂದರು ಅಮರಗುಂಡಪ್ಪ.

“ನಂದೂ ಅದರಾಗ ಹೋತ್ರಿ.”

“ಯಪ್ಪಾ, ಮುಚ್ಚೋದೆಲ್ಲಾ ಬಿಟ್ಟು ತಲಿ ಮುಚ್ಚಾಕತ್ತೀರಲ್ರೀ!” ಎಂದು ಹನುಮಂತ್ರಾಯರು ಕೂಗಿದಾಗ ಮರಳ ದಿಬ್ಬವೆಲ್ಲ ನಗೆಯಿಂದ ತುಂಬಿತು. ಬೀಗರಿಬ್ಬರೂ ನಕ್ಕರು. ನಗುತ್ತಲೇ ಹಂಪಣ್ಣ ಪಕ್ಕಕ್ಕೆ ತಿರುಗಿದನು; ಅಮರಗುಂಡಪ್ಪನವರ ಕಣ್ಣು ಅವನ ಬೆನ್ನಿನ ಮೇಲೆ ನಿಂತಿತು. ಅವರ ನಗೆ ಅಲ್ಲಿಗೇ ಉಡುಗಿತು.

ನಡಿಗೆ ಆರಂಭವಾಯಿತು. ಉಳಿದವರನ್ನು ಮುಂದೆ ಬಿಟ್ಟು ಇಬ್ಬರೂ ಹಿಂದೆ ಉಳಿದರು. ಕಾಲಡಿಯ ಮರಳು ತಣ್ಣಗಿತ್ತು.

“ಹುಡುಗಿಗೂ ಅದ ಏನ್ರಿ?”

“ಇಲ್ರಿ. ಲಿಂಗ ಮುಟ್ಟಿ ಹೇಳ್ತೀನಿ.”

“ಅದನ್ನ ಯಾಕ ನಡುವ ತರ್ತೀರಿ? ನಿಶ್ಚಯದಾಗ ಒಂದು ಮಾತು ಹೇಳಬೇಕಿತ್ತಲ್ಲ.”

“ಹೇಳಿದ್ರ ಎಲಿ ಅಡಿಕಿ ಹಿಡೀತಿದ್ರೇನ್ರಿ?”

ಸುಳ್ಳು ಹೇಳುವುದು ಸುಲಭವಿತ್ತು, ಅಮರಗುಂಡಪ್ಪ ಹೇಳಲಿಲ್ಲ. “ಇಲ್ರಿ. ಹಿಡೀತಿದ್ದಿಲ್ಲ,” ಎಂದರು.

“ಮತ್ತ ಈಗ?”

ಅಮರಗುಂಡಪ್ಪ ಮೊಣಕಾಲನ್ನೊಮ್ಮೆ ನೀವಿಕೊಂಡು ಕುಂಟುತ್ತ ನಡೆದರು. ಮನೆಗೆ ಹೋಗಿ ಮಗಳ ಮುಖವನ್ನು ಹೇಗೆ ನೋಡಲೆಂಬ ಚಿಂತೆಯೊಂದೇ ಹಂಪಣ್ಣನೊಡನೆ ಹೆಜ್ಜೆಯಿಡುತ್ತಿತ್ತು. ನದಿಯ ಮೇಲಿನ ಮಂಜು ಹರಿದು ಸೂರ್ಯ ಏರಿದನು. ಎಣ್ಣೆ ಸವರಿದ ಬಿಳಿಯ ಚರ್ಮ ಮೊದಲು ನಸುಗೆಂಪಾಯಿತು, ಆಮೇಲೆ ಕೆಂಪಾಯಿತು. ಉರಿದಷ್ಟೂ ಗುಣವೆಂಬಂತೆ ಹಂಪಣ್ಣ ಹಲ್ಲು ಕಚ್ಚಿ ನಡೆದನು.

ಮುಂದಿದ್ದ ಹನುಮಂತ್ರಾಯರು ಹಿಂತಿರುಗಿ ನೋಡಿ ಗಾಬರಿಯಾದರು. “ಹಂಪಣ್ಣನವರೇ, ಇವತ್ತಿಗೆ ಸಾಕ್ರಿ ಬಿಸಲು! ಬೊಬ್ಬಿ ಏಳ್ತಾವ. ನೆರಳಿಗೆ ಸರೀರಿ!”

ಆ ಮರಳ ಹಾಸಿನ ಮೇಲೆ ಗಿಡವಿಲ್ಲ, ಪೊದೆಯಿಲ್ಲ. ಹರಿಗೋಲು ದೂರದ ತಿರುವಿನಲ್ಲಿ ಚುಕ್ಕೆಯಂತೆ ತೋರುತ್ತಿತ್ತು. ಹಂಪಣ್ಣ ಬರಿಗೈಯಿಂದ ಹೆಗಲನ್ನು ಮುಚ್ಚಿಕೊಳ್ಳಲು ಯತ್ನಿಸಿ ಸೋತನು.

ಅಮರಗುಂಡಪ್ಪ ಅವನ ಹಿಂದಿನಿಂದ ಸುತ್ತಿ ಬಂದು ಮೂಡಣ ದಿಕ್ಕಿಗೆ ನಿಂತರು. ಅವರ ವಿಶಾಲವಾದ ಮೈಯ ನೆರಳು ಹಂಪಣ್ಣನ ಕೊರಳಿನಿಂದ ತೊಡೆಯವರೆಗೆ ತಂಪಾಗಿ ಇಳಿಯಿತು. ಅವನು ಮುಂದಡಿಯಿಟ್ಟರೆ ಅವರೂ ಇಟ್ಟರು, ನಿಂತರೆ ನಿಂತರು. ಹೀಗೆ ಬಹುದೂರ ಸಾಗಿದ ಮೇಲೆ, ನೇರವಾಗಿ ಮುಂದೆ ನೋಡುತ್ತಲೇ ಅವರು ನುಡಿದರು:

“ಬೀಗರೇ, ಮದಿವಿ ಹಂದರ ನಾ ನಿಂತು ಹಾಕಸ್ತೀನಿ. ಚೈತ್ರದ ಬಿಸಲು ಕೆಟ್ಟದ್ರಿ, ನಿಮ್ಮ ಮೈಯಿಗಿ ತಾಗಬಾರದು.”