ದೋನ್ಯಾ ನುಬಿಯಾಳ ಇ-ಸಿಗರೇಟು

“ನಿನ್ನ ಮುಂದೆ ಮಾತ್ರ ಹೊಗೆ ಬಿಡುತ್ತೆ, ಮನೆಗೆ ಹೋದ್ರೆ ಉಸಿರೇ ಇಲ್ಲ,” ಎಂದು ದೋನ್ಯಾ ನುಬಿಯಾ ಇ-ಸಿಗರೇಟನ್ನು ರಿಪೇರಿ ಮೇಜಿನ ಮೇಲೆ ಕುಕ್ಕಿದಳು. “ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಸಿಗರೇಟು ಸೇದೋದೇ. ಪಾಪ ನಿನಗೇ ಬರ್ಲಿ, ಮಗಾ.”

ರಿಪೇರಿಯವ ಎವೆಲಿಯೊ ಹಲ್ಲು ಕಚ್ಚಿ ಅದನ್ನು ಮತ್ತೊಮ್ಮೆ ಬಿಚ್ಚಿದ. ಬ್ಯಾಟರಿ ಹೊಸದೇ, ಆದರೆ ಗುಂಡಿಯಡಿಯ ತಾಮ್ರ ಮತ್ತೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಕೊಟ್ಟ. ಆಕೆ ಅದನ್ನು ಸೀದಾ ಅಂಗಿಯೊಳಗೆ, ಎದೆಯ ಸಂದಿಗೆ ತುರುಕಿಕೊಂಡಳು.

“ಅಯ್ಯೋ ತಾಯಿ, ಬರಾಂಕಿಯ್ಯಾದ ಈ ಸೆಕೆಯಲ್ಲಿ ಅಲ್ಲಿಡ್ತೀರಾ? ಬೆವರಿಗೇ ಅದು ಕೆಡ್ತಿರೋದು. ಕೈಚೀಲದಲ್ಲಿಡಿ.”

“ಬಸ್ಸಲ್ಲಿ ಚೀಲ ಕಿತ್ಕೊಂಡು ಓಡ್ತಾರೆ. ಇಲ್ಲಿಗೆ ಯಾವ ಕಳ್ಳನೂ ಕೈ ಹಾಕಲ್ಲ, ನನ್ನ ಗಂಡನೂ ಮರೆತಿದ್ದಾನೆ.”

ಎವೆಲಿಯೊ ನಗದೆ ಆಕೆಯ ಕೈಚೀಲದತ್ತ ಬೆರಳು ತೋರಿಸಿದ. ಆಕೆ ಗೊಣಗುತ್ತ ಚೀಲದ ಒಳಜೇಬಿನ ಜಿಪ್ ಎಳೆದಳು. ಅಲ್ಲಿ ಅಡಗಿ ಕೂತಿದ್ದ, ಇನ್ನೂ ಒಡೆಯದ ಸಿಗರೇಟು ಪ್ಯಾಕನ್ನು ತೆಗೆದು ಅವನ ಮುಂದೆ ಸರಿಸಿದಳು.

“ಇದನ್ನ ನೀನೇ ಎಸೆದುಬಿಡು. ಎರಡಕ್ಕೂ ಜಾಗ ಇಲ್ಲ.”