ಟೈಲಿನ ಬೆನ್ನು

ಮೇಸ್ತ್ರಿ ಸಂದಿಗೆ ಎರಡು ಬೆರಳು ತೂರಿಸಿದ್ದೇ ತಡ, ಅಂಗಳದ ಪೋರ್ಸಲೇನ್ ಟೈಲು ಪಾತ್ರೆಯ ಮುಚ್ಚಳದ ಹಾಗೆ ಎದ್ದು ಬಂತು. ಅದರ ಬೆನ್ನಿಗೆ ಗಾರೆಯ ಒಂದು ಚೂರೂ ಅಂಟಿರಲಿಲ್ಲ. ಕೆಳಗೆ ನಿಂತ ನೀರು ಕೊಳೆತು ನಾರುತ್ತಿತ್ತು, ಲೋಳೆಯಲ್ಲಿ ಹುಳುಗಳು ಮಿಸುಕಾಡುತ್ತಿದ್ದವು. ಈ ಟೈಲು ಅಲುಗಾಡಿಯೇ ಮನೆಯೊಡತಿ ಹೋದ ವಾರ ಆಯತಪ್ಪಿ ಬಿದ್ದು ಕೈ ಮುರಿದುಕೊಂಡಿದ್ದರು.

"ಗಿಡಕ್ಕೆ ಅಂತ ದಿನಾ ನೀರು ಸುರೀತೀರಲ್ಲ ಅಮ್ಮಾ, ಅದಕ್ಕೇ ಬಿಟ್ಕೊಂಡಿದೆ," ಅಂದ ಮೇಸ್ತ್ರಿಯ ತಮ್ಮ. ಟೈಲು ಕೂರಿಸಿದವನು ಅವನೇ. ಆಕೆ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು, "ಹೌದೇನಪ್ಪಾ? ನಂಗೆ ಗೊತ್ತೇ ಆಗ್ಲಿಲ್ಲ. ನಂದೇ ತಪ್ಪು ಬಿಡು," ಅಂದರು.

ಹುಳು ಕಂಡಾಗ ಏನೂ ಆಗದಿದ್ದ ಮೇಸ್ತ್ರಿಗೆ ತಮ್ಮನ ಆ ಸುಳ್ಳಿಗೆ ಹೇಸಿಗೆಯಾಯಿತು. ಈ ಟೈಲು ನೀರು ಹೀರಲ್ಲ, ಬರೀ ಗಾರೆಗೆ ಕಚ್ಚಿಕೊಳ್ಳಲ್ಲ, ಬೆನ್ನಿಗೆ ಅಂಟು ಬೆರೆಸಿದ ಸಿಮೆಂಟ್ ಹಾಲು ಬಳಿದೇ ಹಸಿ ಗಾರೆಯ ಮೇಲೆ ಕೂರಿಸಬೇಕು ಅಂತ ತಮ್ಮನಿಗೆ ಕೈ ಹಿಡಿದು ಕಲಿಸಿದವನು ಅವನು. "ಅಣ್ಣಾ, ಹೂಂ ಅಂದ್ಬಿಡು. ನಮ್ ಹೆಸರು ಕೆಡುತ್ತೆ," ತಮ್ಮ ಪಿಸುಗುಟ್ಟಿದ. ಅವನ ಉಸಿರು ಕಿವಿಗೆ ತಾಗಿದ್ದಕ್ಕೂ ಮೇಸ್ತ್ರಿಗೆ ಅಸಹ್ಯವಾಯಿತು.

ಅವನು ಟೈಲನ್ನು ಮಗುಚಿ ಆಕೆಯ ಮುಂದೆ ಹಿಡಿದ. "ನೋಡಿ ಅಮ್ಮಾ, ಬೆನ್ನಿಗೆ ಸಿಮೆಂಟ್ ಹಾಲು ಬಳಿದೇ ಇಲ್ಲ. ನೀವು ಬಿದ್ದಿದ್ದು ನೀರಿನಿಂದ ಅಲ್ಲ, ನಮ್ಮಿಂದ." ಆಮೇಲೆ ಮುಖ ತಿರುಗಿಸದೆಯೇ ತಮ್ಮನ ಕೈಲಿದ್ದ ಗಾರೆ ಕರಣೆಗೆ ಕೈ ಚಾಚಿದ.

"ಕರಣೆ ಕೊಡು. ಇನ್ಮೇಲೆ ನನ್ ಕೆಲಸಕ್ಕೆ ಬರಬೇಡ."