ಕಪ್ಪು ಚೀಟಿ

"ಅಪ್ಪಾ!" ರಾಸಾಯನಿಕ ದಾಳಿಯ ಅಣಕು ಕಾರ್ಯಾಚರಣೆಯಲ್ಲಿ ಗಾಯಾಳುವಿನ ಪಾತ್ರ ಮಾಡುತ್ತಿದ್ದ ಮಗಳು ಎರಡನೇ ಸುತ್ತಿನಲ್ಲೂ ನೆಲದಲ್ಲಿ ಬಿದ್ದುಕೊಂಡು ಮತ್ತೆ ಕೂಗಿದಳು. ಮೊದಲ ಸುತ್ತಿನಲ್ಲಿ ಇದೇ ಕೂಗು ಕೇಳಿ ಅಗ್ನಿಶಾಮಕ ವಾಹನದ ಚಾಲಕನಾದ ಅವಳ ಅಪ್ಪ ಗ್ಯಾಸ್ ಮಾಸ್ಕ್ ಮರೆತು ಎದ್ದೆನೋ ಬಿದ್ದೆನೋ ಎಂದು ಓಡಿದ್ದ. ತರಬೇತಿ ಕೊಡಲು ಹೊರದೇಶದಿಂದ ಬಂದಿದ್ದ ಮೇಡಂ ಅವನ ಎದೆಗೆ ಕಪ್ಪು ಚೀಟಿ ಅಂಟಿಸಿದ್ದರು. "ನೀವು ಸತ್ರಿ. ಇನ್ನು ಮಗಳನ್ನ ಎತ್ತೋರು ಯಾರು?" ಚೀಟಿ ಇನ್ನೂ ಅಲ್ಲೇ ಇತ್ತು.

"ಅಪ್ಪಾ, ಬೇಗ ಬಾ!"

ಅವನು ಅತ್ತ ನೋಡಲಿಲ್ಲ. ಮಾಸ್ಕ್ ತೊಟ್ಟು ಪಟ್ಟಿ ಬಿಗಿದ. ಅಂಗೈಯಿಂದ ಗಾಳಿ ಬರುವ ದಾರಿ ಮುಚ್ಚಿ ಉಸಿರೆಳೆದ. ರಬ್ಬರು ಕೆನ್ನೆಗೆ ಕಚ್ಚಿಕೊಂಡಿತು, ಎಲ್ಲೂ ಸೋರಲಿಲ್ಲ. ಆಮೇಲಷ್ಟೇ ಹೆಜ್ಜೆಯಿಟ್ಟ.

"ಎಷ್ಟು ಕೂಗಿದ್ರೂ ಬೇಗ ಬರ್ಲೇ ಇಲ್ಲ ನೀನು," ಅವನ ತೋಳಿನಲ್ಲಿ ಗೊಣಗುತ್ತಲೇ ಮಗಳು ಎದೆಯ ಮೇಲಿನ ಕಪ್ಪು ಚೀಟಿಯನ್ನು ಕಿತ್ತುಹಾಕಿದಳು.